ಜಾವಳಿಯ ಎಂಜಿನ್, ಬೆಳಿಗ್ಗೆ ಎಂಟಕ್ಕೆ

ಜುಲೈ 6, ಭಾನುವಾರ

ಫೈರ್ ಸ್ಟೇಷನ್ನಿನವರು ಫೋಟೋ ತೆಗೆಯಲು ಕೊನೆಗೂ ಒಪ್ಪಿದರು. ಆ ಹಳೆಯ ಬೆಂಕಿ ಲಾರಿ ಈಗ ಎಲ್ಲಿಗೂ ಹೋಗುವುದಿಲ್ಲ, ಶೆಡ್ಡಿನ ಮೂಲೆಯಲ್ಲಿ ನಿಂತಿರುತ್ತದೆ. ಮಳೆ ಬಿಟ್ಟ ಹೊತ್ತು ನೋಡಿ ನಾಲ್ಕು ಜನ ಸೇರಿ ಹೊರಗೆ ತಳ್ಳಿಕೊಟ್ಟರು. ರೇಡಿಯೇಟರಿನ ಮೇಲಿದ್ದ ಕುಂಕುಮ ಒರೆಸಿದೆ, ಒಣಗಿದ ಚೆಂಡುಹೂವಿನ ಹಾರ ತೆಗೆದೆ, ತಳ್ಳಿದವರಿಗೆ ಪಕ್ಕಕ್ಕೆ ಸರಿಯಲು ಹೇಳಿದೆ. ಎಂಜಿನ್ ಮಾತ್ರ ಕಾಣಬೇಕು, ಮಿಕ್ಕದ್ದು ಗಲಾಟೆ. ಮುಂದಿನ ಹಿತ್ತಾಳೆ ಗಂಟೆಯಿಂದ ಹಿಂದಿನ ಏಣಿಯ ತುದಿಯವರೆಗೆ ಎಲ್ಲವೂ ಚೂಪಾಗಿ ಬಂದಿದೆ.

ಜೀಪು ಓಡಿಸಿದ್ದು ಸುಪ್ರಿಯಾ. ನನ್ನ ಓರಗಿತ್ತಿ, ನನ್ನ ಗಂಡ ಹಾಲೇಶರ ತಮ್ಮ ಶಶಿಕಿರಣನ ಹೆಂಡತಿ. ಅವರಿಬ್ಬರೂ ವಸ್ತಾರೆಯ ತೋಟದಲ್ಲಿದ್ದಾರೆ, ನಾವು ಪೇಟೆಯಲ್ಲಿ. ಘಾಟಿಯ ತಿರುವುಗಳಲ್ಲಿ ನನಗೆ ಗಾಡಿ ಓಡಿಸಲು ಧೈರ್ಯವಿಲ್ಲ, ಅವಳಿಗೆ ಅದೇ ಇಷ್ಟ. ನಾನು ಕೆಲಸ ಮುಗಿಸುವ ತನಕ ಅವಳಿಗೆ ಬೇಸರವಾಗದಿರಲಿ ಎಂದು ಯುಗಾದಿಗೆ ನನ್ನ ಹಳೆಯ ಕ್ಯಾಮೆರಾ ಕೊಟ್ಟಿದ್ದೆ. ಕ್ಲಿಕ್ ಕ್ಲಿಕ್ ಎನ್ನಿಸುತ್ತಿರುತ್ತಾಳೆ. ಪಾಪ.

ಜುಲೈ 9, ಬುಧವಾರ

ಪ್ರಸನ್ನಕುಮಾರ್ ಫೋನ್ ಮಾಡಿದ್ದರು. ಕಾಫಿ ಬೀಜ ಹದ ಮಾಡುವ ಇಲ್ಲಿನ ಒಂದು ಕ್ಯೂರಿಂಗ್ ವರ್ಕ್ಸಿನ ಮ್ಯಾನೇಜರ್. ಡಿಸೆಂಬರಿನಲ್ಲಿ ಅವರ ಹಳೆಯ ಬಾಯ್ಲರ್ ಮನೆಯಲ್ಲಿ ನನ್ನ ಎಂಜಿನ್ ಚಿತ್ರಗಳ ಪ್ರದರ್ಶನ ಮಾಡಿಸುತ್ತಿದ್ದಾರೆ. ಎಷ್ಟೋ ವರ್ಷದಿಂದ ಎಸ್ಟೇಟಿನಿಂದ ಎಸ್ಟೇಟಿಗೆ ಅಲೆದು ತೆಗೆದ ಚಿತ್ರಗಳು. ಬಾಗಿಲು ದಾಟಿದ ಕೂಡಲೇ ಕಾಣುವ ಎದುರು ಗೋಡೆಗೆ ಒಂದೇ ಒಂದು ದೊಡ್ಡ ಚಿತ್ರ. ಅದು ಯಾವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

"ಮೇಡಂ, ಫೈರ್ ಎಂಜಿನ್‌ದು ನೋಡಿದೆ. ಆ ಸಾಕ್ಸ್ ಫೋಟೋ ಇದೆಯಲ್ಲ, ಎಂತ ಚಂದ ಮಾರಾಯ್ರೇ! ಎರಡು ಸಲ ತೆಗೆದು ನೋಡಿದೆ."

ನಾನು ಯಾವ ಸಾಕ್ಸನ್ನೂ ತೆಗೆದಿರಲಿಲ್ಲ. ಸುಪ್ರಿಯಾಳ ಕಾರ್ಡಿನ ಚಿತ್ರಗಳೂ ಅವರಿಗೆ ಕಳಿಸಿದ ಫೋಲ್ಡರಿಗೇ ಬಿದ್ದಿದ್ದವು. ತೆರೆದು ನೋಡಿದೆ. ಏಣಿಯ ಮೆಟ್ಟಿಲಿಗೆ ಒಣಗಲು ಹಾಕಿದ ಖಾಕಿ ಸಾಕ್ಸ್, ಅದರಾಚೆ ಮಸುಕಾಗಿ ಒಬ್ಬನ ಬರಿಗಾಲು, ಮಳೆಯಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳುಗಳು. ಗಂಟೆ ಇಲ್ಲ. ರೇಡಿಯೇಟರ್ ಇಲ್ಲ. ಆದರೂ ಅದು ಬೆಂಕಿ ಲಾರಿ ಎಂದು ಗೊತ್ತಾಗುತ್ತದೆ.

"ಅದು ಸುಪ್ರಿಯಾ ತೆಗೆದಿದ್ದು" ಎಂದೆ. ಹೇಳುವ ಮೊದಲು ಆ ಚಿತ್ರವನ್ನು ಮುಚ್ಚಿಬಿಟ್ಟೆ. ಯಾಕೆ?

ಜುಲೈ 20, ಭಾನುವಾರ

ಮೂಡಿಗೆರೆ ದಾಟಿ, ರಸ್ತೆ ಬದಿಯಲ್ಲಿ ಬಿಟ್ಟುಹೋದ ಹಬೆಯ ರೋಡ್ ರೋಲರ್. ಬಳ್ಳಿ ಮುಚ್ಚಿಕೊಂಡಿತ್ತು. ಪಕ್ಕದ ಮನೆಯವರಿಂದ ಕತ್ತಿ ಇಸಿದುಕೊಂಡು ನಾನೇ ಸವರಿದೆ. ಬೆಂಕಿ ಹಾಕುವ ಬಾಯಿಯೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ಅದನ್ನು ಓಡಿಸಿ, ಟ್ರೈಪಾಡ್ ಹಾಕಿ, ಬೆಳಕಿಗೆ ಕಾದು ತೆಗೆದೆ.

ಸಂಜೆ ಸುಪ್ರಿಯಾಳ ಕಾರ್ಡ್ ನೋಡಿದೆ. ನಾನು ಓಡಿಸುವ ಮೊದಲೇ ಅವಳು ತೆಗೆದುಬಿಟ್ಟಿದ್ದಾಳೆ. ಒಂದು ಕಾಲದಲ್ಲಿ ಕೆಂಡ ತುಂಬಿರುತ್ತಿದ್ದ ಕಪ್ಪು ಬಾಯಿ, ಒಳಗೆ ಕೋಳಿಯ ಒಂದು ಕಣ್ಣು.

ಕೋಳಿಯನ್ನು ಮೊದಲು ಕಂಡವಳು ನಾನು.

ಜುಲೈ 27, ಭಾನುವಾರ

ಪ್ರಿಂಟುಗಳು ಬಂದವು. ಊಟದ ಮೇಜಿನ ಮೇಲೆ ಹರಡಿದ್ದೆ. ಅತ್ತೆ ಸಾರಿನ ಪಾತ್ರೆ ಹಿಡಿದುಕೊಂಡು ಬಂದವರು ನಿಂತರು.

"ಈ ಕೋಳಿ ಯಾರ ಮನೇದೇ? ಮರಿ ಆದ್ವಾ?"

"ಗೊತ್ತಿಲ್ಲ ಅತ್ತೆ. ಇದು ನೋಡಿ, ಪೂರ್ತಿ ರೋಲರ್."

"ನೋಡ್ದೆ. ಚೆನ್ನಾಗಿ ತೊಳೆದಿದೀಯ." ಮತ್ತೆ ಕೋಳಿಯ ಕಡೆಗೇ ತಿರುಗಿದರು. "ಮೊಟ್ಟೆ ಬಿಟ್ಟು ಎದ್ದಿಲ್ಲ ನೋಡು, ಎಂತ ಧೈರ್ಯ ಇದಕ್ಕೆ."

ಅದು ಎದ್ದಿತ್ತು. ನಾನು ಎಬ್ಬಿಸಿದ್ದೆ. ಹೇಳಲಿಲ್ಲ.

ಹಾಲೇಶ್ ನನ್ನ ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಖುಷಿಯಾಯಿತು. "ನಾಗೂ, ಸಕತ್ತಾಗಿದೆ ಕಣೇ, ಒಂದೊಂದು ಬೋಲ್ಟೂ ಎಣಿಸಬಹುದು. ನಮ್ಮ ಅಂಗಡಿ ಕ್ಯಾಟಲಾಗಿಗೆ ನಿನ್ನ ಹತ್ರನೇ ತೆಗೆಸಬೇಕು."

ಮೋಟಾರ್ ಬಿಡಿಭಾಗಗಳ ಅಂಗಡಿಯವರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಗೊತ್ತು. ಆದರೂ ಪ್ರಿಂಟುಗಳನ್ನೆಲ್ಲ ಗುಡ್ಡೆ ಮಾಡಿ ಲಕೋಟೆಗೆ ತುಂಬಿದೆ.

ಆಗಸ್ಟ್ 3, ಭಾನುವಾರ

ಹಿಂದೆ ಈ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಕಾನ್ವೆಂಟಿನ ಅಭ್ಯಾಸ. ಇಂಗ್ಲಿಷಿನಲ್ಲಿ ಬರೆದರೆ ನಾನು ಬೇಗ ಒಳ್ಳೆಯವಳಾಗಿಬಿಡುತ್ತೇನೆ, ವಾಕ್ಯ ಮುಗಿಯುವಷ್ಟರಲ್ಲಿ ನನ್ನನ್ನು ನಾನೇ ಕ್ಷಮಿಸಿರುತ್ತೇನೆ. ಕನ್ನಡದಲ್ಲಿ ಅಷ್ಟು ಸಲೀಸಲ್ಲ. ಹಾಗಾಗಿ ಕನ್ನಡದಲ್ಲೇ ಕೇಳಿಕೊಳ್ಳುತ್ತೇನೆ. ಇದು ಹೊಟ್ಟೆಕಿಚ್ಚೇ?

ಅವಳು ಮೂವತ್ತರವಳು. ಅಪರ್ಚರ್ ಎಂದರೇನು ಎಂದು ಹೇಳಿಕೊಟ್ಟವಳು ನಾನು. ಈಗಲೂ ಸರಿಯಾಗಿ ಗೊತ್ತಿಲ್ಲ ಅವಳಿಗೆ. ನನ್ನ ಕ್ಯಾಮೆರಾ, ಎಡಮೂಲೆ ಸವೆದಿರುವುದು ನನ್ನ ಹೆಬ್ಬೆರಳಿನಿಂದ. ಅದು ನನ್ನ ಕೈಯಲ್ಲಿದ್ದಷ್ಟು ದಿನ ಒಂದು ಕೋಳಿಯನ್ನೂ ತೋರಿಸಲಿಲ್ಲ.

ಇವತ್ತು ಅವಳ ಚಿತ್ರಗಳನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ. ತಪ್ಪು ಹುಡುಕಲು. ಫೋಕಸ್ ತಪ್ಪಿದ ಕಡೆಗಳನ್ನು ಗುರುತು ಮಾಡಿಟ್ಟುಕೊಂಡೆ. ಬಹಳ ಇವೆ.

ಆಗಸ್ಟ್ 10, ಭಾನುವಾರ

ಆಟೋದಲ್ಲಿ ಒಬ್ಬಳೇ ಫೈರ್ ಸ್ಟೇಷನ್ನಿಗೆ ಹೋದೆ. ಸುಪ್ರಿಯಾಗೆ ಹೇಳಲಿಲ್ಲ. ಅಲ್ಲಿ ಪುಟ್ಟಸ್ವಾಮಿ ಎನ್ನುವವರು ಹೊಸ ಲಾರಿಯ ಪೈಪು ಸುತ್ತುತ್ತಿದ್ದರು. ಏಣಿ ಖಾಲಿ ಇತ್ತು. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ಕೇಳಿಯೇಬಿಟ್ಟೆ.

"ಇವತ್ತು ಸಾಕ್ಸ್ ಒಣಗಿಸಿಲ್ವಾ?"

ಅವರು ನನ್ನ ಮುಖ ನೋಡಿದರು. "ಯಾಕಮ್ಮ, ಅದೂ ಹಳೇ ಕಾಲದ್ದಾ?"

"ಹಾಗಲ್ಲ... ಫೋಟೋಗೆ."

"ಹಂಗಾರೆ ಕಾಲಲ್ಲಿರೋದು ಬಿಚ್ಚಿ ಹಾಕ್ಲಾ?" ಒಳಗಿನವರನ್ನು ಕೂಗಿದರು. "ಲೋ ಬರ್ರೋ, ಮೇಡಂಗೆ ಸಾಕ್ಸ್ ಬೇಕಂತೆ!"

ಬಿಚ್ಚಿ ಹಾಕಿದರು, ಪಾಪ, ಮೂರು ಜೊತೆ. ಸಾಲಾಗಿ. ತೆಗೆದೆ. ಅಂಗಡಿ ಮುಂದೆ ತೂಗುಹಾಕಿದ ಹಾಗಿದೆ. ಅಳಿಸಿದೆ.

ವಾಪಸು ಬರುವಾಗ ಆಟೋದಲ್ಲಿ ನಗು ಬಂತು, ಆಮೇಲೆ ನಾಚಿಕೆ.

ಆಗಸ್ಟ್ 24, ಭಾನುವಾರ

ಜಾವಳಿ. ಇಷ್ಟು ವರ್ಷ ಕೇಳಿದ ಮೇಲೆ ಅಲ್ಲಿನ ತೋಟದ ಓಂಕಾರಮೂರ್ತಿಯವರು ಬರಹೇಳಿದರು. ದೂರದ ನೆಂಟರು, ಆದರೆ ಎಂಜಿನ್ ವಿಷಯಕ್ಕೆ ನೆಂಟಸ್ತಿಕೆ ನಡೆಯುತ್ತಿರಲಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ. ಅರ್ಧ ಕತ್ತಲೆ. ನಡುವೆ ಒಂಟಿ ಸಿಲಿಂಡರಿನ ಆಯಿಲ್ ಎಂಜಿನ್, ನನ್ನ ಎದೆಮಟ್ಟದ ಎರಡು ಚಕ್ರ. ಕರೆಂಟ್ ಮೋಟಾರ್ ಬಂದ ಮೇಲೆ ಇದಕ್ಕೆ ಕೆಲಸವಿಲ್ಲ. ಆದರೂ ಅವರ ಮನೆಯಲ್ಲಿ ಒಂದು ಪದ್ಧತಿ ಉಂಟು: ಆಯುಧಪೂಜೆಗೆ ಇದಕ್ಕೆ ಪೂಜೆ, ಮರುದಿನ ವಿಜಯದಶಮಿಯ ಬೆಳಿಗ್ಗೆ ಒಮ್ಮೆ ಓಡಿಸುವುದು. ಅದು ಕೂಗಿದ ಮೇಲೆಯೇ ಆ ವರ್ಷದ ಕೊಯ್ಲಿನ ಮಾತು.

"ಈ ಸಲದ್ದೇ ಕೊನೆ" ಎಂದರು ಓಂಕಾರಮೂರ್ತಿ. "ಅಡಿಪಾಯ ಬಿರುಕು ಬಿಟ್ಟಿದೆ. ಒಂದು ರೆಸಾರ್ಟಿನವರು ಕೇಳಿದ್ರು, ಕೊಟ್ಟೆ. ಬಣ್ಣ ಹೊಡ್ದು ಹುಲ್ಲಿನ ಮೇಲೆ ನಿಲ್ಲಿಸ್ತಾರಂತೆ. ಮಕ್ಕಳು ಹತ್ತಿ ಕೂತು ಫೋಟೋ ತೆಗೆಸ್ಕೊಳ್ಳೋಕೆ."

ಎಂಜಿನ್ ನಡೆಸುವ ಮಂಜಯ್ಯನವರು ಬಟ್ಟೆಯಿಂದ ಚಕ್ರ ಒರೆಸುತ್ತಲೇ ಇದ್ದರು.

"ವಿಜಯದಶಮಿ ದಿನ ಎಂಟು ಗಂಟೆಗೆ ಸ್ಟಾರ್ಟು. ಬೆಲ್ಟ್ ಓಡ್ತಿರುತ್ತೆ, ಸೆರಗು ಗಿರಗು ಬೇಡ, ಪ್ಯಾಂಟ್ ಹಾಕ್ಕೊಂಡು ಬನ್ನಿ. ನಿಮ್ಮ ಸುಪ್ರಿಯಾನೂ ಬರ್ತಾಳಲ್ಲ? ಬರ್ಲಿ, ಇಬ್ಬರಾದ್ರೆ ಅಡ್ಡಿಲ್ಲ."

ಸುಪ್ರಿಯಾ ಹೊರಗೆ ಜೀಪಿನ ಬಳಿ ಇದ್ದಳು. ಒಳಗೆ ಬಂದವಳು ಎಂಜಿನ್ನಿನ ಫೋಟೋ ತೆಗೆಯಲೇ ಇಲ್ಲ. ಮಂಜಯ್ಯನವರ ಜೊತೆ ಅವರ ಭುಜದ ನೋವಿನ ಬಗ್ಗೆ ಮಾತಾಡುತ್ತ ನಿಂತಳು. ಅವರು ಅಂಗಿ ಸರಿಸಿ ಅಲ್ಲಿ ಕಟ್ಟಿದ ಬಟ್ಟೆಯ ಪಟ್ಟಿ ತೋರಿಸಿದರು. ನಾನು ಅಷ್ಟರಲ್ಲಿ ಯಾವ ಮೂಲೆಯಿಂದ ಏನು ಕಾಣುತ್ತದೆ ಎಂದು ಅಳೆದು ಬರೆದುಕೊಂಡೆ. ಕಿಟಕಿ ಪಕ್ಕದ ಮೂಲೆಯೇ ಸರಿ. ಅಲ್ಲಿ ಒಬ್ಬರು ನಿಲ್ಲಬಹುದು.

ಸೆಪ್ಟೆಂಬರ್ 14, ಭಾನುವಾರ

ಪ್ರಸನ್ನಕುಮಾರ್ ತೀರ್ಮಾನ ಹೇಳಿದರು. ಎದುರು ಗೋಡೆಗೆ ಜಾವಳಿಯ ಎಂಜಿನ್ ಓಡುತ್ತಿರುವ ಚಿತ್ರ. "ನೀವಿಬ್ರೂ ತೆಗೀರಿ ಮೇಡಂ. ಯಾರದು ಚೆನ್ನಾಗಿ ಬರುತ್ತೋ ಅದನ್ನ ಹಾಕೋಣ."

ಯಾರದು ಚೆನ್ನಾಗಿ ಬರುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಬಹುಶಃ ಅವಳೊಬ್ಬಳಿಗೇ ಗೊತ್ತಿಲ್ಲ.

ಸೆಪ್ಟೆಂಬರ್ 17

ಸುಪ್ರಿಯಾ ಫೋನ್ ಮಾಡಿದಳು. ಎತ್ತಲಿಲ್ಲ.

ಸೆಪ್ಟೆಂಬರ್ 19

ಮತ್ತೆ ಮಾಡಿದಳು. ಎತ್ತಿದೆ. ವಸ್ತಾರೆಯಲ್ಲಿ ಬಿಸಿಲು ಬಂದಿದೆಯಂತೆ. ಅಷ್ಟೇ ಹೇಳಲು ಮಾಡಿದ್ದಳಂತೆ.

ಸೆಪ್ಟೆಂಬರ್ 23, ಮಂಗಳವಾರ

ಆಗಸ್ಟಿನಲ್ಲೇ ಗಮನಿಸಿದ್ದ ಒಂದು ವಿಷಯ. ಅವಳ ಚಿತ್ರಗಳಲ್ಲಿ ಎಂಜಿನ್ ಯಾವಾಗಲೂ ಸ್ವಲ್ಪವೇ ಕಾಣುತ್ತದೆ. ಕಾಣುವ ಆ ಸ್ವಲ್ಪವನ್ನು ಯಾರೋ ಮುಟ್ಟಿರುತ್ತಾರೆ, ಅಥವಾ ಈಗಷ್ಟೇ ಮುಟ್ಟಿ ಹೋಗಿರುತ್ತಾರೆ. ಪೈಪಿನ ಮೇಲೆ ಒದ್ದೆ ಕೈಯ ಗುರುತು. ಸೀಟಿನ ರೆಕ್ಸಿನ್ನಿನಲ್ಲಿ ಕೂತೆದ್ದ ಕುಳಿ. ಇದನ್ನು ಕಲಿತುಕೊಂಡರೆ ನಾನೂ ತೆಗೆಯಬಹುದು ಎಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಸಾಕ್ಸ್ ಕೇಳಲು ಹೋಗಿದ್ದು.

ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚುತ್ತ ಒಂದು ಕ್ಷಣ ಅಂದುಕೊಂಡೆ: ಆ ದಿನ ಜೀಪು ಕೆಟ್ಟರೆ? ಕೂಡಲೇ ಬಾಚಣಿಗೆ ಕೆಳಗಿಟ್ಟೆ. ಜೀಪು ಕೆಡಲಿ ಎಂದರೆ ಘಾಟಿಯ ದಾರಿಯಲ್ಲಿ, ಅವಳು ಒಳಗಿರುವಾಗ ಎಂದೇ ಅರ್ಥ. ಎಂತಹ ಹೆಂಗಸು ನಾನು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಸುಪ್ರಿಯಾ, ಶಶಿಕಿರಣ್ ಬೆಳಿಗ್ಗೆಯೇ ಬಂದರು. ಅಂಗಡಿಯ ಪೂಜೆ ಮುಗಿಸಿ ಮನೆಯ ಪೂಜೆ. ಮಣೆಯ ಮೇಲೆ ಅಡುಗೆಮನೆಯ ಕತ್ತಿ, ಹಾಲೇಶರ ಸ್ಪ್ಯಾನರುಗಳು, ಹೊಲಿಗೆ ಮೆಷಿನ್ನಿನ ತಲೆ. ಅತ್ತೆ ನನ್ನ ಕ್ಯಾಮೆರಾವನ್ನು ಸ್ಪ್ಯಾನರುಗಳ ಹಿಂದೆ ಇಟ್ಟಿದ್ದರು. "ಮುಂದೆ ಇಡಿ ಅತ್ತೆ, ಮಧ್ಯದಲ್ಲಿ" ಎಂದು ನಾನೇ ಹೇಳಿದೆ.

"ನಿನ್ನದೆಲ್ಲಿ ಸುಪ್ರಿಯಾ?" ಎಂದು ಅತ್ತೆ ಕೇಳಿದರು.

"ಅದು ಹಳೇದು ಅತ್ತೆ, ಮನೇಲೇ ಪೂಜೆ ಮಾಡಿ ಬಂದೆ. ಕುತ್ತಿಗೆಗೆ ಹಾಕೋ ಪಟ್ಟಿಗೆ ಒಂಚೂರು ಕುಂಕುಮ."

ಅತ್ತೆ ವಿಭೂತಿ ಕಲಸಲು ಕೂತರು. ಸುಪ್ರಿಯಾ ನನ್ನ ತೋಳು ಹಿಡಿದು ಜಗಲಿಗೆ ಎಳೆದುಕೊಂಡು ಹೋದಳು. "ಅಕ್ಕ, ನಾಳೆ ಜಾವಳೀಲಿ ಎಷ್ಟು ಹೊತ್ತಿಗೆ? ನಾನು ಬಂದು ನಿಮ್ಮನ್ನ ಕರ್ಕೊಂಡು ಹೋಗ್ಲಾ?"

"ನಾಳೆ ಗುರುವಾರ" ಎಂದೆ. "ಒಂದೂವರೆಯಿಂದ ಮೂರು ರಾಹುಕಾಲ. ಅದು ಕಳೆದ ಮೇಲೆ ಸ್ಟಾರ್ಟು ಮಾಡ್ತಾರಂತೆ. ನೀನು ವಸ್ತಾರೆಯಿಂದ ನೇರ ಬಾ. ನಾನು ಬೇರೆ ಕೆಲಸಕ್ಕೆ ಮೊದಲೇ ಹೋಗಿರ್ತೀನಿ."

"ಸರಿ ಅಕ್ಕ."

ಎಷ್ಟು ಸಲೀಸಾಗಿ ಬಂತು. ರಾಹುಕಾಲ ಎಂದು ನಾನು ಬದುಕಿನಲ್ಲಿ ಎಂದೂ ನೋಡಿದವಳಲ್ಲ.

ಒಳಗೆ ಬಂದಾಗ ಪೂಜೆ ಮುಗಿಯುತ್ತ ಬಂದಿತ್ತು. ಕ್ಯಾಮೆರಾದ ಬೆನ್ನಿಗೆ ಮೂರು ಬೆರಳ ವಿಭೂತಿ, ಕುಂಕುಮ, ಒಂದು ಸೇವಂತಿಗೆ. ಮಂಗಳಾರತಿ ತೆಗೆದುಕೊಂಡೆ.

ಆ ಪಲ್ಪರ್ ಮನೆಯಲ್ಲಿ ಇಬ್ಬರಿಗೆ ಜಾಗವೆಲ್ಲಿದೆ? ಅಪಾಯ. ಬೆಲ್ಟ್ ಓಡುತ್ತಿರುತ್ತದೆ.

ಅಕ್ಟೋಬರ್ 2, ಗುರುವಾರ. ವಿಜಯದಶಮಿ

ಎಲ್ಲವನ್ನೂ ಬರೆಯಬೇಕು.

ಪೂಜೆಗಿಟ್ಟ ಆಯುಧವನ್ನು ಮರುದಿನದ ಮಂಗಳಾರತಿಯ ಮೊದಲು ಮುಟ್ಟುವ ಹಾಗಿಲ್ಲ. ನನಗಾಗಿ ಅತ್ತೆ ಮಬ್ಬಿನಲ್ಲೇ ಎದ್ದು ಸ್ನಾನ ಮಾಡಿ ಆರತಿ ಎತ್ತಿದರು. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು, ಮಗು ಕೊಡುವ ಹಾಗೆ. "ಧೂಳು ಬೀಳಬಾರದು ಅಂತ ಮುಚ್ಚಳ ಹಾಕಿಟ್ಟಿದೀನಿ ನೋಡು. ಒಳ್ಳೆದಾಗ್ಲಿ." ಕಾಲಿಗೆ ನಮಸ್ಕಾರ ಮಾಡಿದೆ.

ಮೊದಲ ಬಸ್ಸಿನಲ್ಲಿ ಮೂಡಿಗೆರೆ, ಅಲ್ಲಿಂದ ಓಂಕಾರಮೂರ್ತಿಯವರು ಕಳಿಸಿದ ಗಾಡಿ. ಎಂಟರ ಹೊತ್ತಿಗೆ ಮಂಜಯ್ಯನವರು ಬ್ಲೋ ಲ್ಯಾಂಪ್ ಹಚ್ಚಿ ಸಿಲಿಂಡರಿನ ತಲೆಯಲ್ಲಿರುವ ಕಬ್ಬಿಣದ ಗುಂಡನ್ನು ಕಾಯಿಸುತ್ತಿದ್ದರು. ಅದು ಕೆಂಪಗೆ ಕಾಯದೆ ಎಂಜಿನ್ ಏಳುವುದಿಲ್ಲ. ಸೀಮೆಎಣ್ಣೆಯ ವಾಸನೆ, ಚಕ್ರಕ್ಕೆ ಹಾಕಿದ ಸೇವಂತಿಗೆ ಹಾರ.

ಹಾರ ತೆಗೆಸಲೇ ಎಂದು ಯೋಚಿಸುತ್ತ ಮೂಲೆಯಲ್ಲಿ ನಿಂತು ಮುಚ್ಚಳ ತೆಗೆದೆ.

ಲೆನ್ಸಿನ ಗಾಜಿನ ಮೇಲೆ ಮೂರು ಬೆರಳ ವಿಭೂತಿ. ನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು, ನಾಲ್ಕಾಣೆಯಷ್ಟು ಅಗಲ. ಒಣಗಿ ಕಚ್ಚಿಕೊಂಡಿತ್ತು.

ಅಂಗಿಯ ತುದಿಯಿಂದ ಒರೆಸಿದೆ. ಎಣ್ಣೆ ಹರಡಿತು. ಮತ್ತೆ ಒರೆಸಿದೆ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟರೆ ಎಲ್ಲ ಕೆಂಪು ಮಂಜು. ಚೀಲದಲ್ಲಿದ್ದ ಇನ್ನೊಂದು ಲೆನ್ಸು ದೂರದ್ದು. ಅದನ್ನು ಹಾಕಿ ಆ ಕೋಣೆಯಲ್ಲಿ ನಿಂತರೆ ಒಂದು ಬೋಲ್ಟು ಕಾಣುತ್ತದೆ. ಅತ್ತೆಗೆ ಫೋನ್ ಮಾಡಿದೆ. ಯಾಕೆ ಮಾಡಿದೆನೋ.

"ಅತ್ತೆ, ಗಾಜಿಗೆ ವಿಭೂತಿ ಹಚ್ಚಿದ್ರಾ?"

"ಮತ್ತೆ? ಮುಖಕ್ಕೆ ಹಚ್ಚದೆ ಬರೀ ಬೆನ್ನಿಗೆ ಹಚ್ತಾರೇನೇ? ಮುಚ್ಚಳ ತೆಗ್ದು, ಹಚ್ಚಿ, ಮತ್ತೆ ಹಾಕಿದೆ. ನಿನ್ನ ಕೇಳೋಣ ಅಂದ್ರೆ ನೀನು ಜಗಲೀಲಿದ್ದೆ ಸುಪ್ರಿಯಾ ಜೊತೆ. ಯಾಕೆ, ಏನಾಯ್ತು?"

"ಏನಿಲ್ಲ."

ನಾನು ಜಗಲಿಯಲ್ಲಿದ್ದೆ.

ಓಂಕಾರಮೂರ್ತಿಯವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೃದಯದ ಆಪರೇಷನ್ ಆದ ಮೇಲೆ ಅವರಿಗೆ ಹೊಗೆ ಆಗದು. "ಕುಮಾರ ಬರ್ಲಿಲ್ವಾ ಮಂಜಯ್ಯ?"

"ಇಲ್ಲ ಅಯ್ಯ. ಕಳಸದಲ್ಲಿ ಅವನ ಗಾಡಿ ಕೈ ಕೊಟ್ಟಿದೆಯಂತೆ, ಈಗ ಫೋನ್ ಮಾಡಿದ್ದ." ಕುಮಾರ ಮಂಜಯ್ಯನವರ ಅಳಿಯ. ಇವರು ಚಕ್ರ ತಿರುಗಿಸುವಾಗ ವಾಲ್ವಿನ ಲಿವರ್ ಎತ್ತಿ ಹಿಡಿಯುವವನು ಅವನೇ. ಮಂಜಯ್ಯ ನನ್ನ ಕಡೆ ನೋಡಿದರು, ಕೈಯಲ್ಲಿದ್ದ ಕೆಂಪು ಲೆನ್ಸನ್ನೂ ನೋಡಿದರು. "ಅಮ್ಮ, ಹೆಂಗೂ ನಿಮ್ಮ ಕ್ಯಾಮೆರಾ ಕಣ್ಣು ಮುಚ್ಕೊಂಡು ಕೂತಿದೆ. ನೀವೇ ಹಿಡೀತೀರಾ?"

ಫೋನಿತ್ತು. ಫೋನಿನಲ್ಲಿ ತೆಗೆಯಬಹುದಿತ್ತು. ಆದರೆ ಹಬ್ಬಕ್ಕೆ ಆಳುಗಳೆಲ್ಲ ಊರಿಗೆ ಹೋಗಿದ್ದರು, ನನ್ನನ್ನು ಇಳಿಸಿದ ಗಾಡಿಯೂ ವಾಪಸು ಹೋಗಿತ್ತು, ಲಿವರ್ ಹಿಡಿಯಲು ಬೇರೆ ಯಾರೂ ಇರಲಿಲ್ಲ. ನಾನು ಹಿಡಿಯದಿದ್ದರೆ ಎಂಜಿನ್ ಏಳದು. ಹಿಡಿದರೆ ಚಿತ್ರ ಇಲ್ಲ, ಯಾರದೂ ಇಲ್ಲ. ಮುಂದಿನ ವರ್ಷ ಇದು ಹುಲ್ಲಿನ ಮೇಲೆ ಬಣ್ಣ ಬಳಿದುಕೊಂಡು ಸುಮ್ಮನೆ ನಿಂತಿರುತ್ತದೆ.

ಹೊರಗೆ ಬಂದು ಸುಪ್ರಿಯಾಗೆ ಫೋನ್ ಮಾಡಿದೆ.

"ಹೊರಡು. ಈಗಲೇ ಬಾ."

"ಮೂರು ಗಂಟೆ ಅಂದಿದ್ರಲ್ಲ ಅಕ್ಕ?"

"ಬೆಳಿಗ್ಗೆನೇ ಇದ್ದಿದ್ದು." ಒಂದು ಗಳಿಗೆ ಆ ಕಡೆ ಕೋಳಿಗಳ ಸದ್ದು ಮಾತ್ರ ಕೇಳಿಸಿತು. "ನನಗೆ ಗೊತ್ತಿತ್ತು" ಎಂದೆ. "ಬಾ."

ಅವಳು ಫೋನ್ ಇಟ್ಟಳು. ಬರುತ್ತಾಳೋ ಇಲ್ಲವೋ ಗೊತ್ತಾಗಲಿಲ್ಲ.

ಓಂಕಾರಮೂರ್ತಿಯವರಿಗೆ ಸ್ವಲ್ಪ ಹೊತ್ತು ಕಾಯೋಣವೇ ಎಂದು ಕೇಳಿದೆ. ಮಂಜಯ್ಯ ದೀಪ ಆರಿಸಿ ಬೀಡಿ ಹಚ್ಚಿದರು. ಕಾಯುವಾಗ ಲಿವರ್ ಹಿಡಿಯುವುದನ್ನು ತೋರಿಸಿಕೊಟ್ಟರು. "ನಾನು ಬಿಡಿ ಅಂದಾಗ ಬಿಡ್ಬೇಕು. ಮೊದ್ಲೇ ಬಿಟ್ರೆ ಚಕ್ರ ವಾಪಸ್ ಒದೆಯುತ್ತೆ, ನನ್ನ ಈ ಭುಜ ಇದೆಯಲ್ಲ, ಅದು ರೆಸಾರ್ಟಿಗೆ ಹೋಗುತ್ತೆ."

ಜೀಪಿನ ಸದ್ದು ಕೇಳಿದಾಗ ಹತ್ತು ಗಂಟೆ ದಾಟಿತ್ತು. ಸುಪ್ರಿಯಾ ಇಳಿದಳು. ತಲೆ ಬಾಚಿರಲಿಲ್ಲ, ಕಾಲಲ್ಲಿ ತೋಟದ ಬೂಟು. ನನ್ನ ಮುಖ ನೋಡದೆ ನೇರ ಒಳಗೆ ಹೋದಳು. "ಭುಜ ಹೆಂಗಿದೆ ಮಂಜಯ್ಯ?" ಎಂದು ಕೇಳಿದಳು. ಅವಳ ಕೈಯಲ್ಲಿ ನನ್ನ ಹಳೆಯ ಕ್ಯಾಮೆರಾ. ಪಟ್ಟಿಯ ಮೇಲೆ ಒಂಚೂರು ಕುಂಕುಮ.

"ಕಿಟಕಿ ಮೂಲೆಗೆ ಹೋಗು" ಎಂದೆ. "ಅಲ್ಲಿಂದ ಎಲ್ಲ ಕಾಣುತ್ತೆ. ನಾನು ಅಳೆದು ಇಟ್ಟಿದ್ದೆ."

ಅವಳು ಹೋಗಿ ನಿಂತಳು.

ಮತ್ತೆ ದೀಪ. ಗುಂಡು ಕಪ್ಪಿನಿಂದ ಕಂದಾಗಿ ಆಮೇಲೆ ಕೆಂಪಾಯಿತು. ನಾನು ಎರಡೂ ಕೈಯಲ್ಲಿ ಲಿವರ್ ಎತ್ತಿ ಹಿಡಿದೆ. ಮಂಜಯ್ಯ ಚಕ್ರದ ಕಡ್ಡಿಗಳನ್ನು ಹಿಡಿದು ತೂಗಿದರು. ಒಂದು ಸುತ್ತು, ಇನ್ನೊಂದು ಸುತ್ತು. "ಬಿಡಿ!" ಹೆದರಿಕೆಗೆ ನನ್ನ ಕೈ ಬಿಡಲಿಲ್ಲ. ಚಕ್ರ ನಿಧಾನವಾಗಿ ನಿಂತುಹೋಯಿತು.

"ಬಿಡಿ ಅಂದ್ರೆ ಬಿಡ್ಬೇಕಮ್ಮ! ಹಿಡ್ಕೊಂಡು ಎಂತ ಮಾಡ್ತೀರ ಅದನ್ನ?"

ಎರಡನೆಯ ಸಲ. ಅವರ ಉಸಿರು ಕೇಳುತ್ತಿತ್ತು. ಭುಜದ ಪಟ್ಟಿ ಬಿಚ್ಚಿ ನೇತಾಡುತ್ತಿತ್ತು. "ಬಿಡಿ!" ಬಿಟ್ಟೆ.

ಢಗ್. ಎಷ್ಟೋ ಹೊತ್ತು ಏನೂ ಇಲ್ಲ. ಮತ್ತೆ ಢಗ್. ಆಮೇಲೆ ಆ ಬಡಿತವನ್ನು ನೆಲವೇ ಹಿಡಿದುಕೊಂಡಿತು. ಕಿಟಕಿಯ ಗಾಜು, ಪಲ್ಪರಿನ ತಗಡು, ನನ್ನ ಹಲ್ಲು, ಎಲ್ಲ ನಡುಗುತ್ತಿದ್ದವು. ಸೇವಂತಿಗೆ ಎಸಳುಗಳು ಚಕ್ರದಿಂದ ಚಿಮ್ಮಿ ಮುಖಕ್ಕೆ ಬಡಿದವು. ನಾನು ಏನೋ ಕೂಗಿದೆ. ಏನು ಎಂದು ಗೊತ್ತಿಲ್ಲ, ನನಗೂ ಕೇಳಿಸಲಿಲ್ಲ. ಹೊರಗೆ ಓಂಕಾರಮೂರ್ತಿಯವರು ಎದ್ದು ನಿಂತು ಕೈ ಮುಗಿದಿದ್ದರು.

ಮಂಜಯ್ಯ ಅದನ್ನು ಬೇಗ ನಿಲ್ಲಿಸಲಿಲ್ಲ.

ವಾಪಸು ಬರುವಾಗ ಮೂಡಿಗೆರೆಯ ತನಕ ಸುಪ್ರಿಯಾ ರಸ್ತೆಯನ್ನೇ ನೋಡುತ್ತ ಓಡಿಸಿದಳು. ಆ ಊರು ದಾಟಿದ ಮೇಲೆ ಗೇರ್ ಬದಲಿಸುತ್ತ ಹೇಳಿದಳು: "ಇನ್ಮುಂದೆ ನೀವು ಮೂರು ಗಂಟೆ ಅಂದ್ರೆ ನಾನು ಬೆಳಿಗ್ಗೆ ಎಂಟು ಅಂತ ಇಟ್ಕೊಳ್ತೀನಿ ಅಕ್ಕ."

ನಗುತ್ತಿದ್ದಾಳೆಯೇ ಎಂದು ತಿರುಗಿ ನೋಡಿದೆ. ನಗುತ್ತಿರಲಿಲ್ಲ. ಆಲ್ದೂರಿನಲ್ಲಿ ಜೀಪು ನಿಲ್ಲಿಸಿ ಇಬ್ಬರಿಗೂ ಕಾಫಿ ಹೇಳಿದಳು. ನನ್ನ ಕಾಫಿಗೆ ಸಕ್ಕರೆ ಬೇಡ ಎಂದು ಅವಳೇ ಹೇಳಿದಳು.

ಅಕ್ಟೋಬರ್ 6, ಸೋಮವಾರ

ಅವಳು ಚಿತ್ರಗಳನ್ನು ಕಳಿಸಿದ್ದಾಳೆ. ಬಹಳ ಹೊತ್ತು ತೆರೆಯಲಿಲ್ಲ. ಬಟ್ಟೆ ಮಡಚಿದೆ, ಫ್ರಿಜ್ ಒರೆಸಿದೆ.

ಚಕ್ರ ಮಸುಕು. ಶಟರ್ ವೇಗ ಕಡಿಮೆಯಾಗಿದೆ, ಹೇಳಿಕೊಟ್ಟಿದ್ದೆ. ಮಂಜಯ್ಯನವರ ಬೆನ್ನು ಮಾತ್ರ ಕಾಣುತ್ತದೆ, ಬಿಚ್ಚಿದ ಪಟ್ಟಿ. ನಡುವೆ ಒಬ್ಬಳು ಹೆಂಗಸು. ಕೆನ್ನೆಗೆ ಮಸಿ, ಕೂದಲಲ್ಲಿ ಹಳದಿ ಎಸಳು, ಬಾಯಿ ಇಷ್ಟಗಲ ತೆರೆದಿದೆ. ಈಗಷ್ಟೇ ಏನನ್ನೋ ಬಿಟ್ಟುಕೊಟ್ಟ ಎರಡು ಕೈಗಳು ಗಾಳಿಯಲ್ಲಿವೆ.

ಅದು ನಾನೇ ಎಂದು ಅರಿವಾಗುವ ಮೊದಲ ಕ್ಷಣದಲ್ಲಿ, ಆ ಹೆಂಗಸಿನ ಮೇಲೆಯೂ ನನಗೆ ಹೊಟ್ಟೆಕಿಚ್ಚಾಯಿತು.

ಅಕ್ಟೋಬರ್ 8, ಬುಧವಾರ

ಪ್ರಸನ್ನಕುಮಾರರಿಗೆ ಆ ಚಿತ್ರವನ್ನು ನಾನೇ ಕಳಿಸಿದೆ. "ಎದುರು ಗೋಡೆಗೆ. ಸುಪ್ರಿಯಾ ತೆಗೆದದ್ದು" ಎಂದು ಬರೆದೆ. ಅವರು ಕೂಡಲೇ ಫೋನ್ ಮಾಡಿದರು.

"ಮೇಡಂ, ಇದರಲ್ಲಿರೋದು ನೀವಲ್ವಾ? ಕೆಳಗೆ ನಿಮ್ಮ ಹೆಸರು ಹೆಂಗೆ ಹಾಕ್ಲಿ?"

"ಎಂಜಿನ್ ನಡೆಸಿದವರು ಮಂಜಯ್ಯ ಮತ್ತು ನಾಗಶ್ರೀ ಅಂತ ಹಾಕಿ" ಎಂದೆ. ಬಾಯಿಗೆ ಬಂದದ್ದು ಅದು.

ಡಿಸೆಂಬ‌ರ್ 12, ಶುಕ್ರವಾರ

ನಾಡಿದ್ದು ಪ್ರದರ್ಶನ. ಚಿತ್ರಗಳನ್ನು ಗೋಡೆಗೆ ಹಾಕಿ ಮುಗಿಯಿತು. ಅತ್ತೆ ಈಗಲೇ ನೋಡಬೇಕೆಂದು ಹಟ ಹಿಡಿದು ಬಂದಿದ್ದರು. ಎದುರು ಗೋಡೆಯ ಮುಂದೆ ನಿಂತು, "ಬಾಯಿ ಮುಚ್ಚಿಸಿ ತೆಗೀಬಾರದಿತ್ತೇನೇ ಸುಪ್ರಿಯಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಆ ಕೋಳಿ ಎಲ್ಲಿ?" ಬಲಗಡೆ ಗೋಡೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಅದನ್ನು ನಾನು ಎಬ್ಬಿಸಿದ್ದೆ ಎಂದೂ ಹೇಳಿದೆ. "ಅಯ್ಯೋ, ಪಾಪಿ" ಎಂದರು.

ರಿಪೇರಿಗೆ ಕೊಟ್ಟಿದ್ದ ಲೆನ್ಸು ಸ್ವಚ್ಛವಾಗಿ ಬಂದಿದೆ, ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಬಿಟ್ಟು. ಪರೀಕ್ಷಿಸಲು ಬಾಯ್ಲರಿನ ಒಂದು ಚಿತ್ರ ತೆಗೆದೆ. ಜಾವಳಿಯ ನಂತರ ಮೊದಲನೆಯದು. ಸುಪ್ರಿಯಾ ಬಾಯ್ಲರಿಗೆ ಒರಗಿ, ಬೂಟು ಬಿಚ್ಚಿ, ನೆಲದ ಮೇಲೆ ಕೂತು ಕಿತ್ತಳೆ ತಿನ್ನುತ್ತಿದ್ದಳು. ಏಳು ಎನ್ನಬೇಕೆಂದಿದ್ದೆ, ಮರೆತುಹೋಯಿತು.

ಮನೆಗೆ ಬಂದು ದೊಡ್ಡದು ಮಾಡಿ ನೋಡಿದೆ. ಬಾಯ್ಲರಿನ ಎಡಭಾಗವೆಲ್ಲ ಮುಚ್ಚಿಹೋಗಿದೆ, ಒತ್ತಡ ತೋರಿಸುವ ಗೇಜು ಕಾಣುವುದೇ ಇಲ್ಲ. ಅವಳು ಮಾತ್ರ ಬಹಳ ಚೆನ್ನಾಗಿ ಬಂದಿದ್ದಾಳೆ. ನನ್ನ ಬಾಯಿ ಅಷ್ಟು ಅಗಲ ತೆರೆದಿರುವಾಗ ತೆಗೆದವಳು, ತಾನು ಕಿತ್ತಳೆ ತಿನ್ನುವಾಗಲೂ ಇಷ್ಟು ಚೆನ್ನಾಗಿ ಕಾಣುತ್ತಾಳೆ.

ಅವಳಿಗೆ ಕಳಿಸಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಬಾ, ಗೇಜು ಕಾಣುವ ಹಾಗೆ ಇನ್ನೊಮ್ಮೆ ತೆಗೆಯೋಣ ಎಂದು ಬರೆದೆ. ಎಂಟು ಎಂದರೆ ಎಂಟೇ ಎಂದು ಕೆಳಗೆ ಸೇರಿಸಿದೆ.